ಜೋಡಿ ಎಕ್ಕ ಬಂದಾಗ ಆಟ ಬದಲಿಸಬೇಕಾ?

ಪುಣೆಯ ಬಾನೇರ್, ಹಿಂಜೆವಾಡಿ ಸುತ್ತ ಇರುವ ನಮ್ಮ ಕನ್ನಡದ ಗೆಳೆಯರ ಪೋಕರ್ ಕೂಟದಲ್ಲಿ ಒಂದು ಭಾನುವಾರ ಆಡಿದ ಮಾತು ಇದು. ಅವತ್ತು ಬರಲಾಗದವರು ಬರೆದು ಕಳಿಸಿ ಅಂತ ಕೇಳಿದರು. ಮಾತಾಡಿದ ಹಾಗೇ ಬರೆದಿದ್ದೇನೆ, ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕೂಟದಲ್ಲಿ ದುಡ್ಡಿಲ್ಲ, ಬರೀ ಚಿಪ್ಸ್. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆ ಇವತ್ತಿಗೂ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡುವುದನ್ನೂ ನಿಷೇಧಿಸಿತು. ಹಾಗಾಗಿ ನಾನು ಇವತ್ತು ಗೋವಾ ಟೇಬಲ್ ಅಂದಾಗ ಅದು ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ನಿಂತಿರುವ ಕ್ಯಾಸಿನೋ ಹಡಗುಗಳ ಟೇಬಲ್ ಅಂತ ತಿಳಿಯಿರಿ. ಇಲ್ಲಿರುವ ಕೆಲವರು ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಂಡು, ಚೋರ್ಲಾ ಘಾಟ್ ಇಳಿದು ಅಲ್ಲಿಗೆ ಹೋಗಿಬರುತ್ತೀರಿ ಅಂತ ಗೊತ್ತು. ನಮ್ಮ ಭಾನುವಾರದ ಟೇಬಲ್‌ಗೂ ಆ ಟೇಬಲ್‌ಗೂ ಇರುವ ವ್ಯತ್ಯಾಸ ಇವತ್ತಿನ ವಿಷಯಕ್ಕೆ ತುಂಬಾ ಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ವಿಷಯ. ನಾವು ಆಡುವುದು ಹೋಲ್ಡಮ್ ಪೋಕರ್. ನಿಮಗೆ ಮಾತ್ರ ಕಾಣುವ ಮೊದಲ ಎರಡು ಎಲೆ ಎತ್ತಿ ನೋಡುತ್ತೀರಿ. ಜೋಡಿ ಎಕ್ಕ. ಇಲ್ಲಾ ಜೋಡಿ ರಾಜ, ಜೋಡಿ ರಾಣಿ, ಎಕ್ಕ-ರಾಜ. ಏನು ಮಾಡುತ್ತೀರಿ? ರೇಸ್, ಅಂದರೆ ಮೊದಲಿನವರು ಹಾಕಿದ್ದಕ್ಕಿಂತ ಜಾಸ್ತಿ ಹಾಕುವುದಾ? ಕಾಲ್, ಅಂದರೆ ಅಷ್ಟನ್ನೇ ಹಾಕುವುದಾ? ಈ ಪ್ರಶ್ನೆ ಕೇಳಿದಾಗಲೆಲ್ಲ ನಮ್ಮವರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ಪ್ರತಿ ಸಲ ರೇಸ್ ಮಾಡಿದರೆ ಎಲ್ಲರಿಗೂ ಗೊತ್ತಾಗಿಬಿಡುತ್ತೆ, ಅದಕ್ಕೇ ಆಗಾಗ ಸುಮ್ನೆ ಕಾಲ್ ಮಾಡಿ ಬಚ್ಚಿಡುತ್ತೇನೆ." ಆಟವನ್ನು ಬದಲಿಸುತ್ತಾ ಇರಬೇಕು ಅನ್ನುವ ಮಾತು ನಿಜ. ಆದರೆ ಯಾವ ಎಲೆಯ ಆಟವನ್ನು ಬದಲಿಸಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಬೇರೆ. ಎಕ್ಕದ ಜೋಡಿಯನ್ನು ಬಚ್ಚಿಡುವ ಕೆಲಸ ಎಕ್ಕದ ಜೋಡಿಯದ್ದಲ್ಲ. ಅದನ್ನು ನಿಮ್ಮ ಉಳಿದ ಎಲೆಗಳು ಮಾಡಬೇಕು. ದೊಡ್ಡ ಎಲೆಯನ್ನು ಚಿಕ್ಕದರಂತೆ ಆಡುವ ಬದಲು ಕೆಲವು ಚಿಕ್ಕ ಎಲೆಗಳನ್ನು ದೊಡ್ಡದರಂತೆ ಆಡಿ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದ ಹೊತ್ತು ಯಾಕೆ ಹೀಗೆ, ಯಾವಾಗ ಹೀಗಲ್ಲ ಅನ್ನುವುದನ್ನು ನೋಡೋಣ.

ನಮ್ಮವರಿಗೆ ಈ ಬಚ್ಚಿಡುವ ಅಭ್ಯಾಸ ಎಲ್ಲಿಂದ ಬಂತು? ನನ್ನ ಪ್ರಕಾರ ಮೂರೆಲೆಯಿಂದ. ಯುಗಾದಿಗೋ ದೀಪಾವಳಿಗೋ ಊರಿಗೆ ಹೋದಾಗ ತೀನ್ ಪತ್ತಿ ಆಡಿದವರೇ ಇಲ್ಲಿ ಜಾಸ್ತಿ. ಅದರಲ್ಲಿ ಚಾಲ್, ಅಂದರೆ ದುಡ್ಡು ಹಾಕುವ ಸರದಿ, ಸುತ್ತುತ್ತಲೇ ಇರುತ್ತದೆ. ಇಬ್ಬರು ಉಳಿದು ಒಬ್ಬರು ಶೋ ಕೇಳುವವರೆಗೂ ದುಡ್ಡು ಬೀಳುತ್ತಲೇ ಇರುತ್ತದೆ, ಎಷ್ಟು ಸುತ್ತು ಅನ್ನುವ ಲೆಕ್ಕ ಇಲ್ಲ. ಹಾಗಾಗಿ ಕೈಯಲ್ಲಿ ಮೂರು ರಾಜ ಇಟ್ಟುಕೊಂಡು ತಣ್ಣಗೆ ಕೂತರೂ ಪಾಟ್, ಅಂದರೆ ಮಧ್ಯದಲ್ಲಿ ಕೂಡಿದ ಮೊತ್ತ, ತಾನಾಗಿ ಬೆಳೆಯುತ್ತದೆ. ಹೋಲ್ಡಮ್ ಹಾಗಲ್ಲ. ಇಲ್ಲಿ ಎಲ್ಲರಿಗೂ ಸೇರಿದ ಐದು ಎಲೆ ಟೇಬಲ್ ಮೇಲೆ ಬಿಚ್ಚುತ್ತಾರೆ. ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಬೆಟ್ಟಿಂಗ್‌ಗೆ ನಾಲ್ಕೇ ಅವಕಾಶ. ಫ್ಲಾಪ್‌ಗೆ ಮುಂಚೆ ಒಂದು, ಫ್ಲಾಪ್‌ನಲ್ಲಿ ಒಂದು, ಟರ್ನ್‌ನಲ್ಲಿ ಒಂದು, ರಿವರ್‌ನಲ್ಲಿ ಒಂದು. ಒಂದನ್ನು ಸುಮ್ಮನೆ ಬಿಟ್ಟರೆ ಅದು ವಾಪಸ್ ಬರುವುದಿಲ್ಲ. ಮೂರೆಲೆಯ ಬುದ್ಧಿಯನ್ನು ಹಾಗೇ ತಂದು ಇಲ್ಲಿ ಹಾಕಿದರೆ ಎಷ್ಟು ಕಳೆದುಕೊಳ್ಳುತ್ತೇವೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ, ಯಾಕೆಂದರೆ ಪಾಟ್ ನಾವೇ ಗೆದ್ದಿರುತ್ತೇವೆ. ಗೆದ್ದಾಗ ಇನ್ನೂ ಎಷ್ಟು ಬರಬಹುದಿತ್ತು ಅಂತ ಯಾರೂ ಎಣಿಸುವುದಿಲ್ಲ.

ಎಣಿಸೋಣ. ಬಿಗ್ ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಒಬ್ಬರು ಕಡ್ಡಾಯವಾಗಿ ಹಾಕುವ ಮೊತ್ತ, ಸ್ಮಾಲ್ ಬ್ಲೈಂಡ್ ಅದರ ಅರ್ಧ. ಹಾಕುವವರು ಕೂತ ಜಾಗಕ್ಕೂ ಅದೇ ಹೆಸರು. ನಿಮ್ಮ ಹತ್ತಿರ 100 ಬಿಗ್ ಬ್ಲೈಂಡ್ ಇದೆ, ಎದುರಿನವರ ಹತ್ತಿರವೂ ಅಷ್ಟೇ. ನೀವು 3ಕ್ಕೆ ರೇಸ್ ಮಾಡಿದಿರಿ, ಬಿಗ್ ಬ್ಲೈಂಡ್‌ನವರು ಕಾಲ್ ಮಾಡಿದರು, ಸ್ಮಾಲ್ ಬ್ಲೈಂಡ್‌ನವರು ಬಿಟ್ಟರು. ಪಾಟ್ ಆರೂವರೆ. ಫ್ಲಾಪ್‌ನಲ್ಲಿ ನಾಲ್ಕೂವರೆ ಬೆಟ್, ಕಾಲ್ ಆದರೆ ಪಾಟ್ ಹದಿನೈದೂವರೆ. ಟರ್ನ್‌ನಲ್ಲಿ 10, ಪಾಟ್ ಮೂವತ್ತೈದೂವರೆ. ರಿವರ್‌ನಲ್ಲಿ 24, ಪಾಟ್ ಎಂಬತ್ಮೂರೂವರೆ. ಈಗ ಇದೇ ಆಟದಲ್ಲಿ ಫ್ಲಾಪ್‌ನಲ್ಲಿ ಜಾಣತನ ಅಂದುಕೊಂಡು ಚೆಕ್ ಮಾಡಿ, ಅಂದರೆ ಏನೂ ಹಾಕದೆ ಸರದಿ ದಾಟಿಸಿ. ಟರ್ನ್‌ನಲ್ಲಿ ನಾಲ್ಕೂವರೆ, ರಿವರ್‌ನಲ್ಲಿ 10. ಕೊನೆಗೆ ಪಾಟ್ ಮೂವತ್ತೈದೂವರೆಗೆ ನಿಂತಿತು. ಬಿಟ್ಟದ್ದು ಒಂದೇ ಬೆಟ್, ಅದೂ ನಾಲ್ಕೂವರೆ. ಹೋದದ್ದು ಅರ್ಧಕ್ಕಿಂತ ಜಾಸ್ತಿ ಪಾಟ್. ಪ್ರತಿ ಬೆಟ್ ಹಿಂದಿನ ಪಾಟ್‌ನ ಮೇಲೆ ನಿಲ್ಲುತ್ತದೆ, ಅದಕ್ಕೇ ಮೊದಲಿನ ಚಿಕ್ಕ ಬೆಟ್ ಬಿಟ್ಟರೆ ಕೊನೆಯ ದೊಡ್ಡ ಬೆಟ್ ಹೋಗುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ಲಿಂಪ್ ಮಾಡಿದಿರಿ, ಅಂದರೆ ರೇಸ್ ಮಾಡದೆ ಬರೀ ಬಿಗ್ ಬ್ಲೈಂಡ್‌ನಷ್ಟು ಹಾಕಿ ಒಳಗೆ ಬಂದಿರಿ. ನಿಮ್ಮನ್ನು ನೋಡಿ ಹಿಂದಿನವರೆಲ್ಲ ಬಂದರು. ಯಾವುದೋ ಎರಡು ಎಲೆ ಹಿಡಿದ ಒಬ್ಬ ಎದುರಾಳಿ ಇದ್ದರೆ ಎಕ್ಕದ ಜೋಡಿ 100ರಲ್ಲಿ 85 ಸಲ ಗೆಲ್ಲುತ್ತದೆ. ಇಬ್ಬರಿದ್ದರೆ ಸುಮಾರು 73. ನಾಲ್ವರಿದ್ದರೆ 56ರ ಹತ್ತಿರ. ಒಂಬತ್ತು ಜನರ ಟೇಬಲ್‌ನಲ್ಲಿ ಎಂಟೂ ಜನ ಬಂದರೆ 35ರ ಹತ್ತಿರ.

ಇಲ್ಲಿ ಒಬ್ಬರು ಕೈ ಎತ್ತಿದರು. ಒಂಬತ್ತು ಜನರಲ್ಲಿ ನಮ್ಮ ಪಾಲು ನೂರಕ್ಕೆ 11 ಇರಬೇಕಾದಲ್ಲಿ 35 ಸಿಕ್ಕರೆ ಲಾಭವೇ ಅಲ್ವಾ ಅಂದರು. ಒಳ್ಳೆಯ ಪ್ರಶ್ನೆ, ಅವರ ಲೆಕ್ಕ ಸರಿ. ಎಲ್ಲರೂ ಈಗಲೇ ಆಲ್ ಇನ್ ಆಗಿ, ಅಂದರೆ ಇದ್ದ ಚಿಪ್ಸ್ ಎಲ್ಲ ಹಾಕಿ, ಐದೂ ಎಲೆ ಬಿಚ್ಚಿ ನೋಡುವುದಾದರೆ ಎಂಟು ಜನ ಬಂದಷ್ಟೂ ಒಳ್ಳೆಯದೇ. ಆದರೆ ಲಿಂಪ್ ಪಾಟ್‌ನಲ್ಲಿ ಹಾಗಾಗುವುದಿಲ್ಲ. ಫ್ಲಾಪ್‌ನಲ್ಲಿ 9-8-6 ಬಂತು, ಎರಡು ಆಟೀನು. ಬಿಗ್ ಬ್ಲೈಂಡ್‌ನವರು ಬೆಟ್ ಮಾಡಿದರು, ಮಧ್ಯದವರು ರೇಸ್ ಮಾಡಿದರು. ಅವರ ಕೈಯಲ್ಲಿ ಏನಿದೆ? ಏನು ಬೇಕಾದರೂ ಇರಬಹುದು, ಯಾಕೆಂದರೆ ಒಳಗೆ ಬರಲು ನೀವು ಏನೂ ಬೆಲೆ ಕೇಳಲಿಲ್ಲ. ರೇಸ್ ಮಾಡಿದ್ದರೆ ಯಾರು ಬಂದರು, ಎಂಥ ಎಲೆಯೊಂದಿಗೆ ಬಂದರು ಅನ್ನುವ ಒಂದು ಅಂದಾಜಾದರೂ ಇರುತ್ತಿತ್ತು. ಬಚ್ಚಿಟ್ಟಿದ್ದು ನೀವು, ಆದರೆ ಕತ್ತಲೆಯಲ್ಲಿ ಉಳಿದದ್ದೂ ನೀವೇ.

ಸರಿ, ಹಾಗಾದರೆ ಪ್ರತಿ ಸಲ ರೇಸ್ ಮಾಡಿದರೆ ಗೊತ್ತಾಗಿಬಿಡುವುದಿಲ್ಲವಾ? ಗೊತ್ತಾಗುತ್ತದೆ. ನೀವು ದೊಡ್ಡ ಎಲೆಗೆ ಮಾತ್ರ ರೇಸ್ ಮಾಡಿದರೆ ಖಂಡಿತ ಗೊತ್ತಾಗುತ್ತದೆ.

52 ಎಲೆಯಲ್ಲಿ ಎರಡೆಲೆಯ ಕೈಗಳು ಒಟ್ಟು 1326. ಜೋಡಿ ಎಕ್ಕ ಆಗುವುದು 6 ರೀತಿ, ಜೋಡಿ ರಾಜ 6, ಜೋಡಿ ರಾಣಿ 6, ಎಕ್ಕ-ರಾಜ 16. ಒಟ್ಟು 34. ಬೇರೆಯವರು ರೇಸ್ ಮಾಡಿದ ಮೇಲೆ ಅದರ ಮೇಲೆ ಮತ್ತೆ ರೇಸ್ ಮಾಡುವುದನ್ನು ಥ್ರೀ ಬೆಟ್ ಅನ್ನುತ್ತೇವಲ್ಲ, ಅದನ್ನು ನೀವು ಈ 34 ಕೈಗಳಿಗೆ ಮಾತ್ರ ಇಟ್ಟುಕೊಂಡಿದ್ದೀರಿ ಅಂದುಕೊಳ್ಳಿ. ಇಂಥ ಎಲೆ 39 ಕೈಗೆ ಒಂದು ಸಲ ಬರುತ್ತದೆ. ಡೀಲರ್ ಕೈಯಿಂದ ಹಂಚುವ ಟೇಬಲ್‌ನಲ್ಲಿ ಗಂಟೆಗೆ ಸುಮಾರು 25ರಿಂದ 30 ಕೈ ಆಗುತ್ತದೆ. ಅಂದರೆ ಗಂಟೆ ಗಟ್ಟಲೆ ಮಾತಾಡದೆ ಕೂತ ಮನುಷ್ಯ ಒಮ್ಮೆ ಬಾಯಿ ಬಿಟ್ಟು "ರೇಸ್" ಅಂದ. ಯಾರು ಕಾಲ್ ಮಾಡುತ್ತಾರೆ?

ಇದಕ್ಕೆ ನಮ್ಮವರು ಹುಡುಕುವ ಪರಿಹಾರ ಈ 34ರಲ್ಲಿ ಕೆಲವನ್ನು ಕಾಲ್ ಕಡೆಗೆ ಸರಿಸುವುದು. ಅದರಿಂದ ಏನಾಗುತ್ತದೆ ನೋಡಿ. ನಿಮ್ಮ ಥ್ರೀ ಬೆಟ್ ಇನ್ನೂ ಅಪರೂಪವಾಯಿತು. ಮಾಡಿದಾಗ ಇನ್ನೂ ದೊಡ್ಡ ಎಲೆ ಅಂತಲೇ ಅರ್ಥ. ಜನ ಇನ್ನೂ ಬೇಗ ಬಿಡುತ್ತಾರೆ. ಯಾವ ರೋಗಕ್ಕೆ ಔಷಧ ಹುಡುಕುತ್ತಿದ್ದಿರೋ ಅದೇ ಜಾಸ್ತಿ ಆಯಿತು.

ನನ್ನ ಪರಿಹಾರ ಉಲ್ಟಾ. 34ನ್ನೂ ಹಾಗೇ ಬಿಡಿ. ಅದಕ್ಕೆ ಬೇರೆ 20 ಸೇರಿಸಿ. ಯಾವುದು? ಸೂಟೆಡ್, ಅಂದರೆ ಎರಡೂ ಒಂದೇ ಜಾತಿಯ ಎಕ್ಕ-5, ಎಕ್ಕ-4, ಎಕ್ಕ-3, ತಲಾ 4 ರೀತಿಯಂತೆ 12. ಸೂಟೆಡ್ 7-6, 6-5, ಅವು 8. ಈಗ ಒಟ್ಟು 54 ಆಯಿತು, 25 ಕೈಗೆ ಒಂದು ಸಲ. ಟೇಬಲ್‌ನಲ್ಲಿ ಯಾರೋ ಒಮ್ಮೆ ನಿಮ್ಮ ಎಕ್ಕ-4 ನೋಡುತ್ತಾರೆ. ಅಷ್ಟು ಸಾಕು. ಮುಂದಿನ ಸಲ ನೀವು ಜೋಡಿ ಎಕ್ಕಕ್ಕೆ ಅದೇ ರೇಸ್ ಮಾಡಿದಾಗ ಅವರಿಗೆ ಆ ಎಕ್ಕ-4 ನೆನಪಾಗುತ್ತದೆ.

ಚಿಕ್ಕ ಎಕ್ಕವನ್ನೇ ಯಾಕೆ ಆರಿಸಿದೆ ಅಂದರೆ, ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದರೆ ಎದುರಿನವರ ಕೈಯಲ್ಲಿ ಜೋಡಿ ಎಕ್ಕ ಇರುವ ರೀತಿ 6ರಿಂದ 3ಕ್ಕೆ ಇಳಿಯುತ್ತದೆ, ಎಕ್ಕ-ರಾಜ 16ರಿಂದ 12ಕ್ಕೆ ಇಳಿಯುತ್ತದೆ. ನಿಮ್ಮ ಮೇಲೆ ಮತ್ತೆ ರೇಸ್ ಮಾಡಬಲ್ಲ ಕೈಗಳು ಕಮ್ಮಿಯಾದವು. ಕಾಲ್ ಆದರೂ ಫ್ಲಶ್ (ಐದೂ ಒಂದೇ ಜಾತಿ), ಸ್ಟ್ರೇಟ್ (ಐದು ಸಾಲಾದ ಎಲೆ) ಆಗುವ ದಾರಿ ಇದ್ದೇ ಇದೆ. ಆದರೆ ಎಕ್ಕ-9 ಎರಡು ಬೇರೆ ಜಾತಿಯದ್ದನ್ನು ಹಿಡಿದು ಇದನ್ನು ಮಾಡಲು ಹೋಗಬೇಡಿ. ಅದರಲ್ಲಿ ಎಕ್ಕ ಬಂದರೂ ದೊಡ್ಡ ಎಕ್ಕದ ಕೈಗೆ ಸೋಲುತ್ತೀರಿ, ಬೇರೆ ದಾರಿಯೂ ಇಲ್ಲ.

ಅನಿಲ್ ಕುಂಬ್ಳೆ ನೆನಪು ಮಾಡಿಕೊಳ್ಳಿ. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದವರು, 74 ರನ್ನಿಗೆ. ಅವರ ಚೆಂಡು ಜಾಸ್ತಿ ತಿರುಗುತ್ತಿರಲಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಅದೇ ಓಟ, ಅದೇ ಕೈ, ಹೆಚ್ಚುಕಡಿಮೆ ಅದೇ ವೇಗ. ನೇರ ಹೋಗುವುದು ಯಾವುದು, ಗೂಗ್ಲಿ ಯಾವುದು ಅಂತ ಬ್ಯಾಟ್ಸ್‌ಮನ್ ಚೆಂಡು ಬಿದ್ದ ಮೇಲೆ ಕಂಡುಕೊಳ್ಳಬೇಕಿತ್ತು. ನಮ್ಮ ರೇಸ್ ಕೂಡ ಹಾಗಿರಬೇಕು. ಹೊರಗೆ ಕಾಣುವುದು ಒಂದೇ, ಒಳಗಿರುವುದು ಬೇರೆ ಬೇರೆ.

ಇದು ನನ್ನ ಸ್ವಂತ ಶೋಧವೇನಲ್ಲ. ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲೇ ಇಂಥ ಆಟಗಳ ಗಣಿತ ಬರೆದರು. ಪೋಕರ್ ಅನ್ನು ಸರಳ ಮಾಡಿ ಅವರು ಕಟ್ಟಿದ ಮಾದರಿಯಲ್ಲಿ ಬಂದ ಉತ್ತರ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ತುಂಬಾ ಒಳ್ಳೆಯ ಎಲೆಗೆ ಬೆಟ್ ಮಾಡು, ತುಂಬಾ ಕೆಟ್ಟ ಎಲೆಗಳಲ್ಲಿ ಒಂದಷ್ಟಕ್ಕೂ ಬೆಟ್ ಮಾಡು, ಮಧ್ಯದವನ್ನು ಚೆಕ್ ಮಾಡು. ಗಮನಿಸಿ, ಒಳ್ಳೆಯ ಎಲೆ ಬಚ್ಚಿಡು ಅಂತ ಆ ಲೆಕ್ಕ ಹೇಳಲಿಲ್ಲ. ಗುಟ್ಟು ಕಾಯುವ ಕೆಲಸವನ್ನು ಕೆಟ್ಟ ಎಲೆಗಳಿಗೆ ಒಪ್ಪಿಸಿತು.

ಕಂಪ್ಯೂಟರ್‌ಗಳು ಇದನ್ನೇ ಮುಂದುವರಿಸಿದವು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಅನ್ನುವ ಪ್ರೋಗ್ರಾಂ ನಾಲ್ವರು ವೃತ್ತಿಪರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. ಅದು ಒಬ್ಬರ ಎದುರು ಒಬ್ಬರು ಆಡುವ ಆಟ. 2019ರಲ್ಲಿ ಲಿಬ್ರಾಟಸ್ ಮಾಡಿದ್ದ ಪ್ರೊಫೆಸರ್ ಟುವೋಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ಮಾಡಿದ ಪ್ಲುರಿಬಸ್ ಆರು ಜನರ ಟೇಬಲ್‌ನಲ್ಲೂ ಗೆದ್ದಿತು. ನಮಗೆ ಅದರಲ್ಲಿ ಎರಡು ವಿಷಯ ಮುಖ್ಯ. ತನಗೆ ಯಾವ ಎಲೆ ಬಂದಿದೆ ಅಂತ ಮಾತ್ರ ನೋಡಿ ಅದು ತೀರ್ಮಾನ ಮಾಡುವುದಿಲ್ಲ. ಇದೇ ಜಾಗದಲ್ಲಿ ತನ್ನ ಕೈಯಲ್ಲಿ ಇರಬಹುದಾದ ಪ್ರತಿಯೊಂದು ಎಲೆಗೂ ಏನು ಮಾಡುತ್ತಿದ್ದೆ ಅಂತ ಮೊದಲು ಲೆಕ್ಕ ಹಾಕುತ್ತದೆ, ಆಮೇಲೆ ಕೈಯಲ್ಲಿರುವುದನ್ನು ಆಡುತ್ತದೆ. ಎರಡನೆಯದು, ಸ್ಮಾಲ್ ಬ್ಲೈಂಡ್ ಬಿಟ್ಟು ಬೇರೆ ಯಾವ ಜಾಗದಲ್ಲೂ ಲಿಂಪ್ ಮಾಡುವುದು ಒಳ್ಳೆಯದಲ್ಲ ಅನ್ನುವ ಹಳೆಯ ಮಾತನ್ನು ಅದೂ ಒಪ್ಪಿತು. ಮನುಷ್ಯರ ಆಟ ನೋಡಿ ಕಲಿತದ್ದಲ್ಲ ಅದು, ತನ್ನ ವಿರುದ್ಧ ತಾನೇ ಆಡಿ ಕಲಿತದ್ದು. ಹಾಗಿದ್ದೂ ಅಲ್ಲಿಗೇ ಬಂದು ನಿಂತಿತು ಅನ್ನುವುದು ನನಗೆ ದೊಡ್ಡ ಸಾಕ್ಷಿ.

ಈಗ ಗಾತ್ರದ ಮಾತು. ನಮ್ಮ ಕೂಟದಲ್ಲಿ ಇದೇ ಅತಿ ದೊಡ್ಡ ಸೋರಿಕೆ ಅಂತ ನನಗನಿಸುತ್ತದೆ. ಗುಲಾಮನ ಜೋಡಿ ಬಂದರೆ ಬಿಗ್ ಬ್ಲೈಂಡ್‌ನ ಐದು ಪಟ್ಟು ರೇಸ್, ಎಕ್ಕದ ಜೋಡಿ ಬಂದರೆ ಎರಡೂವರೆ ಪಟ್ಟು. ಗುಲಾಮನಿಗೆ ಭಯ, ಎಕ್ಕಕ್ಕೆ ಆಸೆ. ಭಯಕ್ಕೆ ಕಾರಣ ಇದೆ. ಗುಲಾಮನ ಜೋಡಿ ಹಿಡಿದರೆ ಫ್ಲಾಪ್‌ನಲ್ಲಿ ಅದಕ್ಕಿಂತ ದೊಡ್ಡ ಎಲೆ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 57. ರಾಣಿ ಜೋಡಿಗೆ 41. ರಾಜನ ಜೋಡಿಗೆ ಎಕ್ಕ ಬೀಳುವುದು 23ರ ಹತ್ತಿರ. ಆದರೆ ಆ ಭಯವನ್ನು ರೇಸ್‌ನ ಗಾತ್ರದಲ್ಲಿ ಬರೆದು ಎಲ್ಲರಿಗೂ ತೋರಿಸುವುದು ಯಾಕೆ? ಗಾತ್ರ ಬದಲಾಗಲಿ, ತಪ್ಪಿಲ್ಲ. ನೀವು ಕೂತ ಜಾಗಕ್ಕೆ ತಕ್ಕಂತೆ ಬದಲಾಗಲಿ. ನಿಮಗಿಂತ ಮೊದಲು ಎಷ್ಟು ಜನ ಲಿಂಪ್ ಮಾಡಿದ್ದಾರೆ ಅನ್ನುವುದಕ್ಕೆ ತಕ್ಕಂತೆ ಬದಲಾಗಲಿ, ಒಬ್ಬೊಬ್ಬ ಲಿಂಪ್ ಮಾಡಿದವರಿಗೆ ಒಂದೊಂದು ಬ್ಲೈಂಡ್ ಸೇರಿಸಿ. ಎಲ್ಲರ ಹತ್ತಿರ ಎಷ್ಟು ಚಿಪ್ಸ್ ಇದೆ ಅನ್ನುವುದಕ್ಕೂ ಬದಲಾಗಲಿ. ನಿಮ್ಮ ಎಲೆಗೆ ತಕ್ಕಂತೆ ಮಾತ್ರ ಬದಲಾಗಬಾರದು. ಸಮಯವೂ ಹಾಗೇ. ಕೆಲವರು 7-6ಕ್ಕೆ ತಟ್ಟನೆ ರೇಸ್ ಮಾಡುತ್ತಾರೆ, ಜೋಡಿ ಎಕ್ಕಕ್ಕೆ ಚಿಪ್ಸ್ ಎಣಿಸುತ್ತಾ, ಉಸಿರು ಎಳೆಯುತ್ತಾ, ಯೋಚಿಸುವ ಹಾಗೆ ಕೂರುತ್ತಾರೆ. ಎದುರಿಗೆ ಕೂತವರು ನಿಮ್ಮ ಎಲೆ ನೋಡಲಾರರು, ಗಡಿಯಾರ ನೋಡಬಲ್ಲರು.

ಇಷ್ಟು ಹೇಳಿದ ಮೇಲೆ, ಎಕ್ಕವನ್ನು ಬಚ್ಚಿಡುವುದು ಯಾವಾಗಲೂ ತಪ್ಪಾ ಅಂತ ಕೇಳಿದರು. ಇಲ್ಲ. ಮೂರು ಜಾಗದಲ್ಲಿ ನಾನೇ ಮಾಡುತ್ತೇನೆ.

ಒಂದು, ಪಾಟ್ ಆಗಲೇ ಬೆಳೆದಿದ್ದರೆ. ನೀವು ಬಟನ್‌ನಲ್ಲಿ, ಅಂದರೆ ಫ್ಲಾಪ್ ಆದ ಮೇಲೆ ಎಲ್ಲರಿಗಿಂತ ಕೊನೆಗೆ ಆಡುವ ಜಾಗದಲ್ಲಿ ಕೂತು 3ಕ್ಕೆ ರೇಸ್ ಮಾಡಿದಿರಿ. ಬಿಗ್ ಬ್ಲೈಂಡ್‌ನಲ್ಲಿ ಸಿಕ್ಕಿದ್ದಕ್ಕೆಲ್ಲ ಥ್ರೀ ಬೆಟ್ ಹಾಕುವ ಜಗಳಗಂಟ ಆಟಗಾರ ಇದ್ದಾರೆ, 10 ಮಾಡಿದರು. ನೀವು 24 ಮಾಡಿದರೆ ಅವರ ಬ್ಲಫ್‌ಗಳೆಲ್ಲ, ಅಂದರೆ ಹೆದರಿಸಲು ಬೆಟ್ ಮಾಡಿದ ಕೆಟ್ಟ ಎಲೆಗಳೆಲ್ಲ, ಓಡಿಹೋಗುತ್ತವೆ. ಸುಮ್ನೆ ಕಾಲ್ ಮಾಡಿದರೆ ಪಾಟ್ ಇಪ್ಪತ್ತರ ಮೇಲಾಯಿತು, ಇಬ್ಬರ ಹತ್ತಿರವೂ 90 ಉಳಿದಿದೆ. ಇಲ್ಲಿಂದ ಫ್ಲಾಪ್‌ನಲ್ಲಿ 14, ಟರ್ನ್‌ನಲ್ಲಿ 33, ರಿವರ್‌ನಲ್ಲಿ ಉಳಿದ 43. ಎಲ್ಲ ಚಿಪ್ಸ್ ಆರಾಮಾಗಿ ಒಳಗೆ ಹೋಗುತ್ತದೆ. ಲಿಂಪ್ ಮಾಡಿ ಬಚ್ಚಿಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಒಂದು ಬೆಟ್ ಕಳೆದುಕೊಂಡು ಬಚ್ಚಿಟ್ಟಿರಿ. ಇಲ್ಲಿ ಬೆಟ್ ಅವರೇ ಹಾಕಿದ್ದಾರೆ, ಏನೂ ಕಳೆದುಕೊಂಡಿಲ್ಲ, ಮೇಲಾಗಿ ಪೊಸಿಷನ್ ನಿಮ್ಮದು, ಅವರು ಆಡಿದ್ದು ನೋಡಿ ನೀವು ಆಡುತ್ತೀರಿ. ಎದುರಿನವರು ಜಗಳಗಂಟರಲ್ಲ, ಗಟ್ಟಿ ಎಲೆಗೆ ಮಾತ್ರ ಥ್ರೀ ಬೆಟ್ ಮಾಡುವವರು ಅಂದರೆ ಮತ್ತೆ ರೇಸ್ ಮಾಡಿ. ಅವರ ಜೋಡಿ ರಾಜ ಎಲ್ಲಿಗೂ ಓಡುವುದಿಲ್ಲ.

ಎರಡು, ಎದುರಿನವರಿಗೆ ಸಿಗಬೇಕಾದ ಎಲೆಗಳನ್ನು ನೀವೇ ಹಿಡಿದು ಕೂತಾಗ. ಫ್ಲಾಪ್ ರಾಜ-7-2, ಮೂರೂ ಬೇರೆ ಜಾತಿ. ನಿಮ್ಮ ಕೈಯಲ್ಲಿ ಜೋಡಿ ಎಕ್ಕ ಇದ್ದರೆ ಬೆಟ್ ಮಾಡಿ. ಇನ್ನೂ ಮೂರು ರಾಜ ಹೊರಗಿದ್ದಾರೆ. ರಾಜ-ರಾಣಿ 12 ರೀತಿ, ರಾಜ-ಗುಲಾಮ 12 ರೀತಿ, ಎಲ್ಲರೂ ದುಡ್ಡು ಕೊಡುತ್ತಾರೆ. ಅದೇ ಫ್ಲಾಪ್‌ನಲ್ಲಿ ನಿಮ್ಮ ಕೈಯಲ್ಲಿ ಜೋಡಿ ರಾಜ ಇದ್ದರೆ? ಉಳಿದದ್ದು ಒಂದೇ ರಾಜ. ರಾಜ-ರಾಣಿ 4 ರೀತಿಗೆ ಇಳಿಯಿತು, ರಾಜ-ಗುಲಾಮ 4. ಕಾಲ್ ಮಾಡಲು ಅವರ ಹತ್ತಿರ ಏನೂ ಇಲ್ಲ, ನಿಮ್ಮನ್ನು ಹಿಂದಿಕ್ಕಲು ದಾರಿಯೂ ಕಾಣುವುದಿಲ್ಲ. ಇಲ್ಲಿ ಚೆಕ್ ಮಾಡಿ, ಟರ್ನ್‌ನಲ್ಲಿ ಅವರಿಗೆ ಒಂದು ಜೋಡಿ ಆಗಲಿ ಅಂತ ಕಾಯುವುದು ನ್ಯಾಯ. ಒಂದೇ ಫ್ಲಾಪ್, ಎರಡೂ ಗಟ್ಟಿ ಕೈ, ಆಟ ಮಾತ್ರ ಬೇರೆ. ಇಂಥ ಬದಲಾವಣೆ ನನಗೆ ಇಷ್ಟ, ಯಾಕೆಂದರೆ ಇದಕ್ಕೆ ಕಾರಣ ಇದೆ. ಬೇಜಾರಾಗಿ, ಸುಮ್ನೆ ಒಂದು ಚೇಂಜ್‌ಗೆ ಅಂತ ಮಾಡಿದ್ದಲ್ಲ.

ಮೂರು, ಸ್ಮಾಲ್ ಬ್ಲೈಂಡ್‌ನಲ್ಲಿ. ಎಲ್ಲರೂ ಬಿಟ್ಟು ನಿಮಗೂ ಬಿಗ್ ಬ್ಲೈಂಡ್‌ಗೂ ಮಾತ್ರ ಆಟ ಉಳಿದಾಗ ಲಿಂಪ್ ಮಾಡಬಹುದು. ಆದರೆ ಬರೀ ಸೋತ ಎಲೆಗಳಿಗೆ ಲಿಂಪ್ ಮಾಡಿದರೆ ಬಿಗ್ ಬ್ಲೈಂಡ್‌ನವರು ಪ್ರತಿ ಸಲ ರೇಸ್ ಮಾಡಿ ಓಡಿಸುತ್ತಾರೆ. ಆಗಾಗ ಜೋಡಿ ಎಕ್ಕ, ಎಕ್ಕ-ರಾಜ ಕೂಡ ಆ ಲಿಂಪ್‌ನಲ್ಲಿ ಇರಬೇಕು, ಉಳಿದ ಲಿಂಪ್‌ಗಳಿಗೆ ಕಾವಲು ಅಂತ.

"ಆಗಾಗ" ಅಂದರೆ ಎಷ್ಟು? ಮನುಷ್ಯನ ಮನಸ್ಸಿಗೆ ಲೆಕ್ಕವಿಲ್ಲದೆ ಬದಲಿಸುವುದು ಬರುವುದಿಲ್ಲ. ಹಿಂದಿನ ಕೈಯಲ್ಲಿ ಏಟು ತಿಂದರೆ ಬಚ್ಚಿಡುತ್ತೇವೆ, ಗೆದ್ದರೆ ಧೈರ್ಯ ಮಾಡುತ್ತೇವೆ, ಅದೇ ಒಂದು ಮಾದರಿ ಆಗಿಬಿಡುತ್ತದೆ. 1995ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯ ಗೆದ್ದ ಡ್ಯಾನ್ ಹ್ಯಾರಿಂಗ್ಟನ್ ಕೈಗಡಿಯಾರದ ಸೆಕೆಂಡ್ ಮುಳ್ಳು ನೋಡಿ ತೀರ್ಮಾನ ಮಾಡಲು ಹೇಳುತ್ತಾರೆ. ನನಗೆ ಅದಕ್ಕಿಂತ ಎಲೆಯ ಜಾತಿಯನ್ನೇ ಬಳಸುವುದು ಸುಲಭ. ಜೋಡಿ ಎಕ್ಕ 6 ರೀತಿ ಅಂದೆನಲ್ಲ, ಅದರಲ್ಲಿ ಎರಡೂ ಕಪ್ಪು, ಅಂದರೆ ಇಸ್ಪೀಟು ಮತ್ತು ಕಳಾವರ ಆಗಿರುವುದು ಒಂದೇ ರೀತಿ. ಎರಡೂ ಕಪ್ಪು ಬಂದರೆ ಕಾಲ್, ಉಳಿದ ಐದಕ್ಕೆ ರೇಸ್ ಅಂತ ಮನೆಯಲ್ಲೇ ನಿರ್ಧರಿಸಿಕೊಂಡು ಬನ್ನಿ. ಆರಕ್ಕೆ ಒಂದು ಸಲ ತಾನಾಗಿ ಆಗುತ್ತದೆ, ಯಾರೂ ಊಹಿಸಲಾರರು. ಸೂಟೆಡ್ ಎಕ್ಕ-5ಕ್ಕೆ ಅರ್ಧ ಸಲ ರೇಸ್ ಬೇಕಾ? ಇಸ್ಪೀಟು, ಆಟೀನು ಆದರೆ ರೇಸ್, ಉಳಿದೆರಡಕ್ಕೆ ಬಿಟ್ಟುಬಿಡಿ.

ಈಗ ಗೋವಾ ಮತ್ತು ಪುಣೆ ಟೇಬಲ್. ಜೋಡಿ ಎಕ್ಕ 221 ಕೈಗೆ ಒಂದು ಸಲ ಬರುತ್ತದೆ. ಗಂಟೆಗೆ 27 ಕೈ ಅಂತ ಹಿಡಿದರೆ ಎಂಟು ಗಂಟೆಗೆ ಒಂದು. ಹಡಗಿನಲ್ಲಿ ಒಂದು ರಾತ್ರಿ ಪೂರ್ತಿ ಕೂತರೆ ಒಮ್ಮೆ ಕಾಣಬಹುದು, ಕಾಣದೆಯೂ ಇರಬಹುದು. ನಿಮ್ಮ ಪಕ್ಕದಲ್ಲಿ ಕೂತವರು ಅಹಮದಾಬಾದಿನಿಂದಲೋ ದೆಹಲಿಯಿಂದಲೋ ಬಂದವರು, ನಾಳೆ ವಿಮಾನ ಹತ್ತುವವರು. ಅವರು ನಿಮ್ಮ ಆಟದ ಮಾದರಿ ಯಾವಾಗ ಓದುತ್ತಾರೆ? ರಜೆಗೆ ಬಂದವರು ಎಲೆ ನೋಡಲು ಬಂದಿರುತ್ತಾರೆ, ಬಿಡಲು ಅಲ್ಲ. ಅಲ್ಲಿ ಯಾವ ಬದಲಾವಣೆಯೂ ಬೇಡ. ಗಟ್ಟಿ ಎಲೆಗೆ ರೇಸ್, ಸಾಮಾನ್ಯಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ. ಫ್ಲಾಪ್‌ನಲ್ಲಿ ಬೆಟ್, ಟರ್ನ್‌ನಲ್ಲಿ ಬೆಟ್. ಎಕ್ಕ-4ರ ಥ್ರೀ ಬೆಟ್ ಕೂಡ ಅಲ್ಲಿ ಕಮ್ಮಿ ಮಾಡಿ, ಬ್ಲಫ್‌ಗೆ ಬಿಡದವರ ಎದುರು ಬ್ಲಫ್ ಯಾಕೆ?

ನಮ್ಮ ಭಾನುವಾರದ ಟೇಬಲ್ ಹಾಗಲ್ಲ. ಅದೇ ಏಳೆಂಟು ಮುಖ, ವರ್ಷಗಟ್ಟಲೆ. ಯಾರು ಯಾವ ಎಲೆಗೆ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ ಅಂತಲೂ ಎಲ್ಲರಿಗೂ ಗೊತ್ತು. ಇವತ್ತು ನಾನು ಹೇಳಿದ 34ಕ್ಕೆ 20 ಸೇರಿಸುವುದು, ಎರಡು ಕಪ್ಪು ಎಕ್ಕ, ಸ್ಮಾಲ್ ಬ್ಲೈಂಡ್ ಲಿಂಪ್, ಎಲ್ಲ ಈ ಟೇಬಲ್‌ಗೆ. ಜನ ಇದನ್ನು ಉಲ್ಟಾ ಮಾಡುತ್ತಾರೆ ಅನ್ನುವುದು ನನ್ನ ಸಂಕಟ. ಗೆಳೆಯರ ನಡುವೆ ತೆರೆದ ಪುಸ್ತಕದ ಹಾಗೆ ಆಡಿ, ಗೋವಾಕ್ಕೆ ಹೋದ ತಕ್ಷಣ ಎಲ್ಲ ಚಾಲಾಕಿತನ ಹೊರಗೆ ತೆಗೆಯುತ್ತಾರೆ. ನೋಡುವವರಿಲ್ಲದ ಕಡೆ ವೇಷ ಹಾಕಿ ಏನು ಪ್ರಯೋಜನ?

ಎಕ್ಕ-ರಾಜದ ಬಗ್ಗೆ ಒಬ್ಬರು ಕೇಳಿದರು. ಅದು ಜೋಡಿ ಅಲ್ಲ, ಅದನ್ನೂ ಹೀಗೇ ಆಡಬೇಕಾ ಅಂತ. ಹೌದು, ಫ್ಲಾಪ್‌ಗೆ ಮುಂಚೆ ಹಾಗೇ. ಫ್ಲಾಪ್‌ನಲ್ಲಿ ಅದಕ್ಕೆ ಜೋಡಿ ಸಿಗುವುದು ಮೂರಕ್ಕೆ ಒಂದು ಸಲ ಮಾತ್ರ, ರಾಣಿ ಜೋಡಿಯ ಎದುರು ಸುಮಾರು 43-57ರ ಆಟ. ಅಂದರೆ ಬೇರೆಯವರು ಬಿಟ್ಟುಹೋದರೆ ಅದಕ್ಕೆ ಖುಷಿಯೇ. ಜೋಡಿ ಎಕ್ಕಕ್ಕೆ ಕಾಲ್ ಬೇಕು, ಎಕ್ಕ-ರಾಜಕ್ಕೆ ಫೋಲ್ಡ್ ಆದರೂ ಸರಿ. ಎರಡೂ ಒಂದೇ ರೇಸ್‌ನಲ್ಲಿ ಇದ್ದಾಗ ಎದುರಿನವರಿಗೆ ಏನು ಮಾಡಿದರೂ ಕಷ್ಟ. ಅದಕ್ಕೇ ಇವೆರಡನ್ನೂ ಬೇರೆ ಮಾಡಬೇಡಿ ಅನ್ನುವುದು.

ಕೊನೆಯ ಪ್ರಶ್ನೆ ಟೂರ್ನಮೆಂಟ್ ಬಗ್ಗೆ ಬಂತು. ನನ್ನ ಹತ್ತಿರ 12 ಬಿಗ್ ಬ್ಲೈಂಡ್ ಮಾತ್ರ ಉಳಿದಿದೆ, ಜೋಡಿ ಎಕ್ಕ ಬಂತು, ಆಲ್ ಇನ್ ಅಂದರೆ ಎಲ್ಲರೂ ಬಿಟ್ಟುಬಿಡುತ್ತಾರೆ, ಎರಡು ಬ್ಲೈಂಡ್‌ಗೆ ರೇಸ್ ಮಾಡಲಾ? ನಾನು ತಿರುಗಿ ಕೇಳಿದೆ, ಕಳೆದ ಒಂದು ಗಂಟೆಯಲ್ಲಿ ಜೋಡಿ 6, ಎಕ್ಕ-8 ಬಂದಾಗ ಏನು ಮಾಡಿದಿರಿ? ಆಲ್ ಇನ್ ಅಂದರು. ಹಾಗಿದ್ದರೆ ಈಗ ಎರಡು ಬ್ಲೈಂಡ್ ರೇಸ್ ಅಂದರೆ ಟೇಬಲ್‌ನಲ್ಲಿ ಎಚ್ಚರವಾಗಿರುವ ಪ್ರತಿಯೊಬ್ಬರೂ ಓದಿಬಿಡುತ್ತಾರೆ. ಇದಕ್ಕೂ ಆಲ್ ಇನ್. ನಿಮ್ಮ ಜೋಡಿ 6 ನೋಡಿದವರು ಎಕ್ಕ-10 ಹಿಡಿದು ಕಾಲ್ ಮಾಡುತ್ತಾರೆ. ಚಿಕ್ಕ ರೇಸ್ ಮಾಡಲೇಬೇಕು ಅನ್ನುವ ಆಸೆ ಇದ್ದರೆ, ಅದನ್ನು ಇವತ್ತು ಎಕ್ಕಕ್ಕೆ ಶುರು ಮಾಡಬೇಡಿ. ಮುಂದಿನ ಟೂರ್ನಮೆಂಟ್‌ನಲ್ಲಿ ರಾಜ-9 ಸೂಟೆಡ್ ಬಂದಾಗ ಮಾಡಿ, ಯಾರಾದರೂ ಮೇಲೆ ಆಲ್ ಇನ್ ಅಂದರೆ ಬಿಟ್ಟುಬಿಡಿ. ಎರಡು ಸಲ ಬಿಟ್ಟದ್ದನ್ನು ಟೇಬಲ್ ನೋಡಲಿ. ಮೂರನೆಯ ಸಲ ಕೈಯಲ್ಲಿ ಎಕ್ಕ ಇದ್ದಾಗ ಅವರೇ ಮೇಲೆ ಬರುತ್ತಾರೆ.